ಫೋಟೊದಾಗಿನ ಕೆಂಪು, ಕೈಯಾಗಿನ ಕೆಂಪು

ಅಮ್ಮನ ಜೊತೆ ಸೀರೆ ಅಂಗಡಿಗೆ ಹೋದವರಿಗೆಲ್ಲ ಇದು ಗೊತ್ತು. ಇಪ್ಪತ್ತು ಸೀರೆ ಬಿಚ್ಚಿಸಿ, ಎರಡನ್ನು ಪಕ್ಕಕ್ಕಿಟ್ಟು, ಕೊನೆಗೆ "ಸ್ವಲ್ಪ ಹೊರಗಡೆ ಬೆಳಕಿಗೆ ತೋರಿಸಪ್ಪಾ" ಅಂತ ಕೇಳುತ್ತಾರೆ. ಅಂಗಡಿ ಹುಡುಗ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ತನಕ ಬರುತ್ತಾನೆ. ಒಳಗೆ ನೇರಳೆ ಅನ್ನಿಸಿದ್ದು ಹೊರಗೆ ಕಂದು ಆಗಿರುತ್ತದೆ. ಅಂಗಡಿ ದೀಪದ ಕೆಳಗಿನ ಬಣ್ಣವನ್ನು ನಂಬಬಾರದು ಅಂತ ನಮ್ಮ ಮನೆಯ ಹೆಂಗಸರಿಗೆ ಯಾರೂ ಪಾಠ ಮಾಡಿಲ್ಲ, ದುಡ್ಡು ಕೊಡುವವರಿಗೆ ತಾನಾಗಿಯೇ ತಿಳಿಯುವ ವಿಷಯ ಅದು.

ಈಗ ಸೀರೆ ಫೋನಿನಲ್ಲಿ ಬರುತ್ತದೆ. ಬಾಗಿಲಿಗೆ ತಂದು ನೋಡೋಣ ಅಂದರೆ ಬಾಗಿಲೇ ಇಲ್ಲ. ಹಾಗಾಗಿ ಆ ಫೋಟೊ ತೆಗೆದವರ, ಅದನ್ನು ತಿದ್ದಿದವರ ಸ್ಕ್ರೀನ್ ಸರಿ ಇತ್ತಾ ಇಲ್ಲವಾ ಅನ್ನುವುದು ಇವತ್ತು ಬರೀ ಫೋಟೊಗ್ರಾಫರ್‌ಗಳ ತಲೆನೋವಾಗಿ ಉಳಿದಿಲ್ಲ. ಮನೆಯಿಂದ ಏನಾದರೂ ಮಾರುವವರು, ಮದುವೆ ಆಲ್ಬಂ ಮಾಡಿಸುವವರು, ಅಜ್ಜಿಯ ಹಳೇ ಫೋಟೊ ಸ್ಕ್ಯಾನ್ ಮಾಡಿ ತಿದ್ದುವವರು, ಎಲ್ಲರಿಗೂ ಸಂಬಂಧಪಟ್ಟದ್ದು.

ನನ್ನ ಹೊಟ್ಟೆಪಾಡು ಫೋಟೊ ಎಡಿಟಿಂಗ್. ಬೆಂಗಳೂರಿನಲ್ಲಿ ಕೂತು ಬೇರೆಯವರ ಕ್ಯಾಟಲಾಗ್‌ಗಳಿಗೆ ಬಣ್ಣ ತಿದ್ದುವ ಕೆಲಸ. ನಮ್ಮ ವೈನಿ ಬಾಗಲಕೋಟೆ ಕಡೆಯವರು, ಇಳಕಲ್ ಸೀರೆ ಮಾರುತ್ತಾರೆ. ಅಂಗಡಿ ಇಲ್ಲ, ಒಂದು ವಾಟ್ಸ್‌ಆ್ಯಪ್ ಗ್ರೂಪು, ಒಂದು ಇನ್‌ಸ್ಟಾಗ್ರಾಂ ಪೇಜು, ಗೊತ್ತಿರುವ ಮೂರು ನೇಕಾರ ಮನೆಗಳು, ಅಷ್ಟೇ ಬಂಡವಾಳ. ಹೋದ ಶ್ರಾವಣದಲ್ಲಿ ಫೋನ್ ಮಾಡಿದವರು ಅರ್ಧ ಅಳುತ್ತಿದ್ದರು.

"ನೋಡಪಾ, ಸೀರಿ ಅದೇ ಐತಿ. ನಾನ ಕೈಲೆ ಮಡಚಿ ಕಳಿಸೇನಿ. ಬ್ಯಾರೆ ಸೀರಿ ಕಳಿಸೀರಿ ಅಂತಾರ. ಫೋಟೊದಾಗ ಒಂದು ಬಣ್ಣ, ಕೈಯಾಗ ಒಂದು ಬಣ್ಣ ಅಂತಾರ. ನಾ ಏನ್ ಹೇಳ್ಲಿ ಅವ್ರಿಗೆ?"

ಒಂದೇ ತಿಂಗಳಲ್ಲಿ ಒಂಬತ್ತು ಸೀರೆ ವಾಪಸ್ ಬಂದಿದ್ದವು. ಒಂದು ಸೀರೆ ವಾಪಸ್ ಬಂದರೆ ಹೋಗಿ ಬರುವ ಕೊರಿಯರ್ ಖರ್ಚು ಅವರ ಮೇಲೇ ಬೀಳುತ್ತದೆ, ಆ ಸೀರೆಯಿಂದ ಸಿಗಬೇಕಿದ್ದ ಲಾಭ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಒಬ್ಬ ಗಿರಾಕಿ ಎಲ್ಲರೆದುರು ಗ್ರೂಪಿನಲ್ಲಿ ಹಾಕಿದ ಮೆಸೇಜು. ತೋರಿಸೋದು ಒಂದು, ಕಳಿಸೋದು ಇನ್ನೊಂದು ಅಂತ. "ಮೋಸಾ ಮಾಡ್ತಾಳ ಅನಿಸ್ಕೊಂಡು ವ್ಯಾಪಾರ ಮಾಡೂದಕ್ಕಿಂತ ಬಿಡೂದ ಛಲೋ" ಅಂದರು. ಅವರು ಬಿಟ್ಟರೆ ಆ ಮೂರು ಮಗ್ಗದ ಮನೆಗಳಿಗೂ ಅಷ್ಟು ಆರ್ಡರ್ ಕಡಿಮೆ. ಪಂಚಮಿಗೆ ಊರಿಗೆ ಹೋಗುವುದಿತ್ತು. ಬಟ್ಟೆ ಜೊತೆಗೆ ಸ್ಕ್ರೀನ್ ಅಳೆಯುವ ನನ್ನ ಪುಟ್ಟ ಸಾಧನವನ್ನೂ ಬ್ಯಾಗಿಗೆ ಹಾಕಿಕೊಂಡೆ.

ಸೀರೆಯ ಬಣ್ಣ ಗಿರಾಕಿಯ ಕಣ್ಣು ತಲುಪುವ ತನಕ ನಾಲ್ಕು ಕಡೆ ಕೆಡಬಹುದು. ಸೀರೆ ಮೇಲೆ ಬಿದ್ದ ಬೆಳಕು, ಕ್ಯಾಮೆರಾ, ನಾವು ತಿದ್ದುವ ಸ್ಕ್ರೀನ್, ಕೊನೆಗೆ ಗಿರಾಕಿಯ ಫೋನ್. ಕೊನೆಯದು ನಮ್ಮ ಕೈಯಲ್ಲಿಲ್ಲ. ಉಳಿದ ಮೂರರಲ್ಲಿ ನಾನು ಮೊದಲು ನೋಡುವುದು ಯಾವಾಗಲೂ ಸ್ಕ್ರೀನನ್ನೇ. ಕಾರಣ ಸರಳ. ಬೆಳಕು, ಕ್ಯಾಮೆರಾ ತಪ್ಪಾಗಿದ್ದರೆ ಸ್ಕ್ರೀನಿನಲ್ಲಿ ಕಾಣುತ್ತದೆ, ತಿದ್ದಬಹುದು. ಸ್ಕ್ರೀನೇ ತಪ್ಪಾಗಿದ್ದರೆ ಸರಿ ಇರುವ ಫೋಟೊವನ್ನೂ ಕೂತು ಕೂತು ಕೆಡಿಸುತ್ತೀರಿ.

ವೈನಿಯ ಲ್ಯಾಪ್‌ಟಾಪ್ ಅಣ್ಣನ ಆಫೀಸಿನಿಂದ ಬಂದ ಹಳೇದು. ಬ್ರೈಟ್‌ನೆಸ್ ನೂರಕ್ಕೆ ನೂರು. ಅವರು ಎಡಿಟ್ ಮಾಡೋದು ರಾತ್ರಿ ಹತ್ತರ ಮೇಲೆ, ಮಕ್ಕಳು ಮಲಗಿದ ಮೇಲೆ. ಆ ಹೊತ್ತಿಗೆ ವಿಂಡೋಸ್‌ನ ನೈಟ್ ಲೈಟ್ ತಾನಾಗಿಯೇ ಆನ್ ಆಗಿ ಇಡೀ ಸ್ಕ್ರೀನ್ ಕೇಸರಿ ತಿರುಗಿರುತ್ತಿತ್ತು. ಅಣ್ಣ ಕಣ್ಣಿಗೆ ಒಳ್ಳೇದು ಅಂತ ಯಾವಾಗಲೋ ಹಾಕಿಟ್ಟದ್ದು.

"ನಿಮಗ ಸ್ಕ್ರೀನ್ ಹಳದಿ ಕಾಣ್ತಿರಲಿಲ್ಲೇನ್ರಿ ವೈನಿ?" ಅಂದೆ. "ಇಲ್ಲಲ್ಲ, ಬೆಳ್ಳಗ ಕಾಣ್ತದಲ್ಲ" ಅಂದರು. ಅವರು ಹೇಳಿದ್ದು ನಿಜವೇ. ನಮ್ಮ ಕಣ್ಣು ಮತ್ತು ಮಿದುಳು ಸೇರಿ ಕೆಲವೇ ನಿಮಿಷದಲ್ಲಿ ಎದುರಿಗಿರುವ ಬೆಳಕಿಗೆ ಹೊಂದಿಕೊಂಡುಬಿಡುತ್ತವೆ. ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗೇ ಕಾಣೋದು ಅದಕ್ಕೇ. ಬದುಕಲು ಇದು ಬಹಳ ಉಪಯೋಗದ ಗುಣ, ಫೋಟೊ ತಿದ್ದಲು ಮಾತ್ರ ಶತ್ರು. ಸ್ಕ್ರೀನ್ ಕೇಸರಿಯಾಗಿರುವಾಗ ಫೋಟೊ ಎಲ್ಲೋ ಬೆಚ್ಚಗಿದೆ ಅನ್ನಿಸಿ ನೀಲಿ ಕಡೆ ಎಳೆಯುತ್ತೀರಿ. ಬೆಳಿಗ್ಗೆ ಬೇರೆಯವರ ಫೋನಿನಲ್ಲಿ ಅದೇ ದಾಳಿಂಬೆ ಕೆಂಪು ನೇರಳೆ ಮಿಶ್ರಿತ ಗುಲಾಬಿಯಾಗಿರುತ್ತದೆ. ವಾಪಸ್ ಬಂದ ಒಂಬತ್ತರಲ್ಲಿ ಆರು ಕೆಂಪು ಸೀರೆಗಳು!

ಹಾಗಾಗಿ ಒಂದು ರೂಪಾಯಿ ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಅಂದರೆ ಆಫ್ ಮಾಡುವುದು. ನೈಟ್ ಲೈಟ್ ಆಫ್. ಆ್ಯಪಲ್‌ನವರದ್ದಾದರೆ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್ ಎರಡೂ ಆಫ್. ಟ್ರೂ ಟೋನ್ ಕೋಣೆಯ ಬೆಳಕು ನೋಡಿಕೊಂಡು ಸ್ಕ್ರೀನಿನ ಬಿಳಿಯನ್ನೇ ಬದಲಾಯಿಸುತ್ತಾ ಇರುತ್ತದೆ, ಓದಲು ಹಿತ, ಎಡಿಟಿಂಗ್‌ಗೆ ಬೇಡ. ಆಟೊ ಬ್ರೈಟ್‌ನೆಸ್ ಆಫ್. ವಿಂಡೋಸ್‌ನಲ್ಲಿ ಚಿತ್ರದಲ್ಲಿರುವುದನ್ನು ನೋಡಿ ಬ್ರೈಟ್‌ನೆಸ್ ಬದಲಿಸುವ ಇನ್ನೊಂದು ಆಯ್ಕೆ ಇದೆ, ಬ್ಯಾಟರಿ ಉಳಿಸಲು ಇರುವಂಥದ್ದು, ಅದೂ ಆಫ್. ಬೇರೆ ಮಾನಿಟರ್ ಇಟ್ಟುಕೊಂಡಿದ್ದರೆ ಅದರ ಬಟನ್ ಒತ್ತಿ ಮೆನು ತೆರೆಯಿರಿ. ವಿವಿಡ್, ಗೇಮ್, ಮೂವಿ, ಇಕೊ, ಡೈನಮಿಕ್ ಕಾಂಟ್ರಾಸ್ಟ್ ಅಂತ ಏನೇನೋ ಇರುತ್ತದೆ, ಎಲ್ಲ ಬಿಟ್ಟು ಎಸ್‌ಆರ್‌ಜಿಬಿ ಅಂತ ಇದ್ದರೆ ಅದು, ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಅಥವಾ ಕಸ್ಟಮ್ ಇಟ್ಟುಕೊಳ್ಳಿ.

ಎಚ್‌ಡಿಎಂಐ ಕೇಬಲ್‌ನಲ್ಲಿ ಮಾನಿಟರ್ ಹಾಕಿದವರಿಗೆ ಇನ್ನೊಂದು ಮಾತು. ಕಪ್ಪು ಕಪ್ಪಾಗಿಲ್ಲದೆ ಬೂದಿ ಬಳಿದ ಹಾಗಿದ್ದರೆ ಕಂಪ್ಯೂಟರ್ ನಿಮ್ಮ ಮಾನಿಟರನ್ನು ಟಿ.ವಿ ಅಂದುಕೊಂಡಿರಬಹುದು. ಟಿ.ವಿ ಲೆಕ್ಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಲಿಮಿಟೆಡ್ ಇರುವುದನ್ನು ಫುಲ್ ಮಾಡಿದರೆ ಸಾಕು. ಇದೊಂದು ಗೊತ್ತಿಲ್ಲದೆ ಮಾನಿಟರ್ ಸರಿಯಿಲ್ಲ ಅಂತ ವಾಪಸ್ ಕೊಟ್ಟವರನ್ನು ನೋಡಿದ್ದೇನೆ.

ಇನ್ನು ಬ್ರೈಟ್‌ನೆಸ್. ನನ್ನನ್ನು ಕೇಳಿದರೆ ಬಣ್ಣಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಸಾಮಾನ್ಯ ಲ್ಯಾಪ್‌ಟಾಪ್ ಸ್ಕ್ರೀನ್ ಪೂರ್ತಿ ಏರಿಸಿದರೆ 250, 300 ನಿಟ್ಸ್ ಬೆಳಕು ಕೊಡುತ್ತದೆ. ಫೋಟೊ ತಿದ್ದಲು ಬೇಕಾಗಿರುವುದು 100ರಿಂದ 120. ರಾತ್ರಿ ಕತ್ತಲ ಕೋಣೆಯಲ್ಲಿ 300 ನಿಟ್ಸ್ ಸ್ಕ್ರೀನ್ ನೋಡುತ್ತಾ ಕೂತರೆ ಎಲ್ಲ ಫೋಟೊಗಳೂ ಬೆಳ್ಳಗೆ ಕಾಣುತ್ತವೆ, ಅದಕ್ಕೇ ಒಂದಿಷ್ಟು ಕಪ್ಪು ಮಾಡಿ ಸೇವ್ ಮಾಡುತ್ತೀರಿ. ಆಲ್ಬಂ ಪ್ರಿಂಟ್ ಆಗಿ ಬಂದಾಗ ಮದುಮಗಳ ಮುಖ ಕಪ್ಪಗಿದೆ ಅಂತ ಸ್ಟುಡಿಯೊದವರ ಜೊತೆ ಜಗಳ. ಪ್ರಿಂಟ್ ಕಪ್ಪಾಗಿ ಬರುತ್ತದೆ ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಪ್ರಿಂಟರ್ ಅಲ್ಲ, ಮಿತಿಮೀರಿ ಬೆಳಗುವ ಸ್ಕ್ರೀನ್.

ಸಾಧನ ಇಲ್ಲದೆ ಇದನ್ನು ಅಳೆಯಲು ಎರಡು ದಾರಿ ಇದೆ. ಮೊದಲನೆಯದು ಅಂದಾಜಿನದ್ದು. ಕೋಣೆಯಲ್ಲಿ ಹದವಾದ ದೀಪ ಇರಲಿ. ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿಯಿರಿ, ಸ್ಕ್ರೀನ್ ಮೇಲೆ ಖಾಲಿ ಡಾಕ್ಯುಮೆಂಟ್ ತೆರೆಯಿರಿ. ಸ್ಕ್ರೀನಿನ ಬಿಳಿ ದೀಪದ ಹಾಗೆ ಉರಿಯುತ್ತಿದ್ದರೆ, ಅದು ಹಾಳೆಯ ಹಾಗೆ ಕಾಣುವ ತನಕ ಬ್ರೈಟ್‌ನೆಸ್ ಇಳಿಸಿ. ಮೊದಲ ದಿನ ಏನಿದು ಮಂಕು ಅನ್ನಿಸುತ್ತದೆ. ಎರಡು ದಿನ ತಡೆಯಿರಿ.

ಎರಡನೆಯದು ನನಗೆ ಬಹಳ ಇಷ್ಟದ್ದು. ಮ್ಯಾನುವಲ್ ಮೋಡ್ ಇರುವ ಕ್ಯಾಮೆರಾ ಇದ್ದರೆ ಅದೇ ಒಂದು ಮೀಟರ್. ಐಎಸ್‌ಒ 100, ಅಪರ್ಚರ್ ಎಫ್ 4, ಶಟರ್ 1/60 ಇಡಿ. ಸ್ಕ್ರೀನ್ ಪೂರ್ತಿ ಬಿಳಿ ಮಾಡಿ, ಆ ಬಿಳಿ ಮಾತ್ರ ಫ್ರೇಂ ತುಂಬುವಷ್ಟು ಹತ್ತಿರ ಹೋಗಿ. ಫೋಕಸ್ ಆಗದಿದ್ದರೂ ಚಿಂತೆಯಿಲ್ಲ. ಈಗ ಕ್ಯಾಮೆರಾದ ಮೀಟರ್ ಮುಳ್ಳು ಸೊನ್ನೆಗೆ ಬರುವ ತನಕ ಸ್ಕ್ರೀನಿನ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಸೊನ್ನೆಗೆ ಬಂದಾಗ ಸ್ಕ್ರೀನ್ ಹೆಚ್ಚುಕಮ್ಮಿ 120 ನಿಟ್ಸ್‌ನಲ್ಲಿರುತ್ತದೆ. ಕ್ಯಾಮೆರಾ ಮೀಟರ್‌ಗಳನ್ನು ತಯಾರಿಸುವ ಲೆಕ್ಕದಿಂದಲೇ ಬರುವ ಅಂಕಿ ಇದು. ಹತ್ತಿಪ್ಪತ್ತು ನಿಟ್ಸ್ ಆಚೀಚೆ ಆದರೂ 300ರಲ್ಲಿ ಕೂತು ಎಡಿಟ್ ಮಾಡುವುದಕ್ಕಿಂತ ಎಷ್ಟೋ ವಾಸಿ.

ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕ್ರೀನ್ ಮೇಲೆ ಕಿಟಕಿ ಬೆಳಕು ನೇರ ಬೀಳಬಾರದು, ಹಿಂದೆ ಗಿಳಿ ಹಸಿರು ಗೋಡೆ ಇದ್ದರೆ ಜಾಗ ಬದಲಿಸಿ, ವಾಲ್‌ಪೇಪರ್ ಬೂದು ಬಣ್ಣದ್ದಿರಲಿ. ಕಡು ಕೆಂಪು ಟೀ ಶರ್ಟ್ ಹಾಕಿಕೊಂಡು ಹೊಳೆಯುವ ಸ್ಕ್ರೀನ್ ಮುಂದೆ ಕೂತರೆ ಆ ಕೆಂಪೂ ಸ್ಕ್ರೀನಿನಲ್ಲಿ ಮೂಡುತ್ತದೆ. ನಗಬೇಡಿ, ಇದನ್ನು ಗಂಭೀರವಾಗಿ ಪಾಲಿಸುವ ಸ್ಟುಡಿಯೊಗಳಿವೆ.

ಇಷ್ಟೆಲ್ಲ ಮಾಡಿದರೂ ವೈನಿಯ ಲ್ಯಾಪ್‌ಟಾಪ್‌ನಲ್ಲಿ ಕೆಂಪು ಇಟ್ಟಿಗೆ ಕೆಂಪಾಗೇ ಉಳಿಯಿತು. ನಾನು ತಂದಿದ್ದ ಸಾಧನ ಅದಕ್ಕೆ ಕಾರಣ ತೋರಿಸಿತು. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರದಲ್ಲಿ 45 ಶೇಕಡ ಎನ್‌ಟಿಎಸ್‌ಸಿ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಹಾಗಂದರೆ ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಬಣ್ಣದ ಪೆಟ್ಟಿಗೆಯಲ್ಲಿ ಸುಮಾರು ಮೂರನೇ ಎರಡು ಭಾಗವನ್ನೂ ಆ ಸ್ಕ್ರೀನ್ ತೋರಿಸಲಾರದು. ಕಡು ಕೆಂಪು, ಕಡು ಹಸಿರು ಅದರೊಳಗೆ ಇಲ್ಲವೇ ಇಲ್ಲ. ಇರದ ಬಣ್ಣವನ್ನು ಯಾವ ಸೆಟ್ಟಿಂಗೂ ಹುಟ್ಟಿಸುವುದಿಲ್ಲ. ಜೊತೆಗೆ ಅದು ಹಳೇ ಟಿಎನ್ ಪ್ಯಾನೆಲ್, ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಅದೇ ಫೋಟೊ ಎರಡು ಥರ ಕಾಣುತ್ತದೆ. ಮಂಚದ ಮೇಲೆ ಒರಗಿ ಕೂತು ನೋಡಿದರೆ ಒಂದು ಬಣ್ಣ, ಟೇಬಲ್ ಮುಂದೆ ನೆಟ್ಟಗೆ ಕೂತರೆ ಇನ್ನೊಂದು.

ಹೊಸದಾಗಿ ಕೊಳ್ಳುವವರು ಎರಡೇ ವಿಷಯ ನೋಡಿ. ಪ್ಯಾನೆಲ್ ಐಪಿಎಸ್ ಇರಬೇಕು, ಎಸ್‌ಆರ್‌ಜಿಬಿ 100 ಶೇಕಡಕ್ಕೆ ಹತ್ತಿರ ಇರಬೇಕು. 4ಕೆ, 144 ಹರ್ಟ್ಸ್, ಬಾಗಿದ ಸ್ಕ್ರೀನ್, ಇವಕ್ಕೆಲ್ಲ ಬಣ್ಣದ ಜೊತೆ ಸಂಬಂಧ ಇಲ್ಲ. ಈ ಎರಡು ಗುಣ ಇರುವ 24 ಇಂಚಿನ ಸಾಧಾರಣ ಮಾನಿಟರ್ ಒಂದನ್ನು ಹಳೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಕೊಂಡರೆ ಸಾಕು, ಲ್ಯಾಪ್‌ಟಾಪ್ ಬದಲಿಸಬೇಕಾಗಿಲ್ಲ. ಅಣ್ಣ ಹುಬ್ಬಳ್ಳಿಯಿಂದ ಅಂಥದ್ದೇ ಒಂದನ್ನು ತಂದ. ಒಂದಿಷ್ಟು ಗೊಣಗಿಕೊಂಡೇ ತಂದ ಅನ್ನಿ.

ಈಗ ಕ್ಯಾಲಿಬ್ರೇಶನ್. ಸಂತೆಯಲ್ಲಿ ತಕ್ಕಡಿಗೆ ಆಗಾಗ ಸರ್ಕಾರದವರು ಪರೀಕ್ಷೆ ಮಾಡಿ ಮುದ್ರೆ ಹಾಕುತ್ತಾರಲ್ಲ, ಅದೇ ಕೆಲಸ ಇದು. ಅಂಗೈಯಲ್ಲಿ ಹಿಡಿಯುವಂಥ ಕಲರಿಮೀಟರ್ ಅನ್ನು ಯುಎಸ್‌ಬಿಗೆ ಸಿಕ್ಕಿಸಿ ಸ್ಕ್ರೀನ್ ಮೇಲೆ ಇಳಿಬಿಡಬೇಕು. ಸಾಫ್ಟ್‌ವೇರ್ ಒಂದಾದ ಮೇಲೊಂದು ಬಣ್ಣ ತೋರಿಸುತ್ತಾ ಹೋಗುತ್ತದೆ, ಸಾಧನ ನಿಜವಾಗಿ ಏನು ಬಂತು ಅಂತ ಅಳೆಯುತ್ತದೆ. ಕೇಳಿದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಸ್ಕ್ರೀನಿನ ಸುಳ್ಳು. ಶುರುಮಾಡುವಾಗ ಅದು ಮೂರು ಅಂಕಿ ಕೇಳುತ್ತದೆ. ಬಿಳಿಯ ಬಣ್ಣ ಡಿ65, ಅಂದರೆ ಸುಮಾರು 6500 ಕೆಲ್ವಿನ್. ಗಾಮಾ 2.2. ಬ್ರೈಟ್‌ನೆಸ್ 120, ಕತ್ತಲೆ ಕೋಣೆಯಾದರೆ 100. ಇಷ್ಟು ಕೊಟ್ಟರೆ ಸಾಕು. ಸ್ಕ್ರೀನ್ ಹಾಕಿ ಅರ್ಧ ಗಂಟೆ ಆದ ಮೇಲೆ ಮಾಡಿ, ಆರಿದ ಪ್ಯಾನೆಲ್ ಬೇರೆ, ಬಿಸಿಯಾದ ಪ್ಯಾನೆಲ್ ಬೇರೆ.

ಕೊನೆಯಲ್ಲಿ ಅದು ಒಂದು ಪ್ರೊಫೈಲ್ ಫೈಲ್ ಉಳಿಸುತ್ತದೆ. ಕ್ಯಾಲಿಬ್ರೇಶನ್ ಮತ್ತು ಪ್ರೊಫೈಲ್ ಎರಡೂ ಒಂದೇ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮನೆಯ ಗಡಿಯಾರ ಐದು ನಿಮಿಷ ಮುಂದೆ ಇದ್ದರೆ ಅದನ್ನು ತಿರುಗಿಸಿ ಸರಿ ಮಾಡುವುದು ಕ್ಯಾಲಿಬ್ರೇಶನ್. "ಅದು ಐದು ನಿಮಿಷ ಫಾಸ್ಟ್ ಇದೆ" ಅಂತ ಮನೆಯವರೆಲ್ಲ ತಿಳಿದುಕೊಂಡು ಲೆಕ್ಕ ಹಾಕುವುದು ಪ್ರೊಫೈಲ್. ಫೋಟೊಶಾಪ್, ಲೈಟ್‌ರೂಂ, ಉಚಿತವಾಗಿ ಸಿಗುವ ಗಿಂಪ್, ಡಾರ್ಕ್‌ಟೇಬಲ್ ಇವೆಲ್ಲ ಆ ಪ್ರೊಫೈಲ್ ಓದಿ ಲೆಕ್ಕ ಹಾಕಿಕೊಳ್ಳುತ್ತವೆ. ಹಾಗಾಗಿ ಇನ್ನೊಬ್ಬರ ಪ್ರೊಫೈಲ್ ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವುದು ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡಂತೆ. ಮಾನಿಟರ್ ಮಾಡೆಲ್ ಒಂದೇ ಆಗಿದ್ದರೂ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ವ್ಯತ್ಯಾಸ ಇರುತ್ತದೆ.

ಸಾಧನ ಕೊಳ್ಳಲೇಬೇಕಾ? ಸ್ಪೈಡರ್ ಇರಲಿ, ಕ್ಯಾಲಿಬ್ರೈಟ್ ಇರಲಿ, ಅಗ್ಗ ಅಂತೂ ಅಲ್ಲ. ಬರೀ ಮನೆಯ ಪ್ರವಾಸದ ಫೋಟೊ ತಿದ್ದುವವರಿಗೆ ಬೇಡ ಅನ್ನುತ್ತೇನೆ. ವಿಂಡೋಸ್‌ನ ಸರ್ಚ್‌ನಲ್ಲಿ ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್ ಅಂತ ಹಾಕಿದರೆ ಸಿಗುವ ಪುಟ್ಟ ಸಾಧನದಲ್ಲಿ ಗಾಮಾ, ಕಪ್ಪು ಬಿಳುಪಿನ ಮಿತಿ ಕಣ್ಣಂದಾಜಿನಲ್ಲಿ ಸರಿಮಾಡಿಕೊಳ್ಳಿ, ಸಾಕು. ಆದರೆ ಬಣ್ಣದ ಮೇಲೆ ಯಾರದೋ ದುಡ್ಡು ನಿಂತಿದ್ದರೆ ಕಣ್ಣನ್ನು ನಂಬಬೇಡಿ, ಆಗಲೇ ಹೇಳಿದೆನಲ್ಲ, ಅದು ಹೊಂದಿಕೊಂಡುಬಿಡುತ್ತದೆ. ಒಂದು ಸಾಧನವನ್ನು ನಾಲ್ಕು ಸ್ನೇಹಿತರು ಸೇರಿ ಕೊಂಡರೂ ನಡೆಯುತ್ತದೆ, ಬೇಕಾಗುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಅದರ ಜೊತೆ ಬರುವ ಸಾಫ್ಟ್‌ವೇರ್ ಇಷ್ಟವಾಗದಿದ್ದರೆ ಡಿಸ್‌ಪ್ಲೇಕ್ಯಾಲ್ ಉಚಿತ, ಅದು ಗ್ರೇಮ್ ಗಿಲ್ ಅವರ ಆರ್ಗಿಲ್ ಸಿಎಂಎಸ್ ಮೇಲೆ ನಿಂತಿರುವಂಥದ್ದು. ನಿಧಾನ, ಆದರೆ ಶ್ರದ್ಧೆಯದು.

ಕೆಲಸ ಮುಗಿಸಿ ಸೇವ್ ಮಾಡುವಾಗ ಎಸ್‌ಆರ್‌ಜಿಬಿಯಲ್ಲೇ ಮಾಡಿ, ಪ್ರೊಫೈಲ್ ಜೊತೆಗೆ ಸೇರಿಸಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಈ ಅಳತೆ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಹಳೇದು, ಚಿಕ್ಕದು, ಆದರೆ ಎಲ್ಲ ಕಡೆ ನಡೆಯುವ ನಾಣ್ಯ. ಅಡೋಬಿ ಆರ್‌ಜಿಬಿ ದೊಡ್ಡದು ಅಂತ ಕ್ಯಾಮೆರಾದಲ್ಲಿ ಆರಿಸಿಕೊಂಡು, ಹಾಗೇ ಗ್ರೂಪಿಗೆ ಹಾಕಿದರೆ, ಪ್ರೊಫೈಲ್ ಓದದ ಆ್ಯಪ್‌ನಲ್ಲಿ ಫೋಟೊ ಸೊರಗಿ ಕಾಣುತ್ತದೆ. 2016ರ ಐಫೋನ್ 7ರಿಂದ ಫೋನ್‌ಗಳಲ್ಲಿ ಪಿ3 ಅನ್ನುವ ಇನ್ನೂ ವಿಶಾಲವಾದ ಬಣ್ಣದ ಪೆಟ್ಟಿಗೆ ಬಂದಿದೆ, ನೋಡಲು ಚೆಂದವೇ. ಆದರೆ ನೂರು ಜನರ ನೂರು ಥರದ ಫೋನಿಗೆ ಕಳಿಸುವವರು ಎಸ್‌ಆರ್‌ಜಿಬಿ ಬಿಡಬೇಡಿ. ಆಲ್ಬಂ ಲ್ಯಾಬ್‌ಗಳಲ್ಲೂ ಸಾಮಾನ್ಯವಾಗಿ ಕೇಳುವುದು ಅದನ್ನೇ. ನೂರು ಪುಟದ ಆಲ್ಬಂ ಕೊಡುವ ಮೊದಲು ನಾಲ್ಕು ಫೋಟೊ ಚಿಕ್ಕದಾಗಿ ಪ್ರಿಂಟ್ ಹಾಕಿಸಿ ಹಗಲು ಬೆಳಕಲ್ಲಿ ಸ್ಕ್ರೀನ್ ಪಕ್ಕ ಹಿಡಿದು ನೋಡಿ. ಅದಕ್ಕಾಗುವ ಖರ್ಚು ಒಂದು ಮಸಾಲೆ ದೋಸೆಯಷ್ಟಾಗಬಹುದು.

ಸ್ಕ್ರೀನ್ ಸರಿಹೋದ ಮೇಲೆ ಮಿಕ್ಕ ತಪ್ಪುಗಳು ಒಂದೊಂದಾಗಿ ಹೊರಬಂದವು. ವೈನಿ ಫೋಟೊ ತೆಗೆಯುತ್ತಿದ್ದದ್ದು ಹಾಲ್‌ನಲ್ಲಿ, ಮೇಲೆ ಎಲ್‌ಇಡಿ, ಪಕ್ಕದಲ್ಲಿ ಕಿಟಕಿ. ಸೀರೆಯ ಅರ್ಧಕ್ಕೆ ಒಂದು ಬಣ್ಣದ ಬೆಳಕು, ಇನ್ನರ್ಧಕ್ಕೆ ಇನ್ನೊಂದು. ಇದನ್ನು ಯಾವ ಎಡಿಟಿಂಗೂ ಪೂರ್ತಿ ಸರಿಮಾಡದು. ಎಲ್‌ಇಡಿ ಬಲ್ಬಿನ ಪೆಟ್ಟಿಗೆ ಮೇಲೆ ಸಿಆರ್‌ಐ 80 ಅಂತ ಇರುತ್ತದೆ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಂಕ. ಆ ಅಂಕವನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಕಡು ಕೆಂಪಿಗೆ ಆರ್9 ಅಂತ ಬೇರೆಯೇ ಅಂಕ ಇದೆ, ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ! ಹಾಗಾಗಿ 80 ಅಂಕದ ಬಲ್ಬು ಕೆಂಪಿನಲ್ಲಿ ಮಾತ್ರ ಫೇಲ್ ಆಗಿರಬಹುದು. ಕುಂಕುಮದ ಕೆಂಪು, ದಾಳಿಂಬೆ ಕೆಂಪಿಗೇ ಹೆಸರಾದ ಸೀರೆಗೆ ಇದಕ್ಕಿಂತ ಕೆಟ್ಟ ದೀಪ ಇನ್ನೊಂದಿಲ್ಲ. ನಾವು ದೀಪ ಕೊಳ್ಳಲು ಹೋಗಲಿಲ್ಲ. ಪಡಸಾಲೆಯಲ್ಲಿ ನೇರ ಬಿಸಿಲು ಬೀಳದ ಕಡೆ ಒಂದು ಹಗ್ಗ ಕಟ್ಟಿದೆವು, ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಅಲ್ಲೇ ಫೋಟೊ.

ನೆರಳಿನ ಬೆಳಕು ಸ್ವಲ್ಪ ನೀಲಿ. ಅದಕ್ಕೆ ಒಂದು ಗ್ರೇ ಕಾರ್ಡ್ ಬೇಕು. ಮೊದಲ ಫೋಟೊದಲ್ಲಿ ಸೀರೆ ಪಕ್ಕ ಅದನ್ನು ಹಿಡಿದು, ಎಡಿಟ್ ಮಾಡುವಾಗ ವೈಟ್ ಬ್ಯಾಲೆನ್ಸ್‌ನ ಡ್ರಾಪರ್‌ನಿಂದ ಅದರ ಮೇಲೆ ಕ್ಲಿಕ್ ಮಾಡಿ, ಅದೇ ಸೆಟ್ಟಿಂಗನ್ನು ಉಳಿದ ಫೋಟೊಗಳಿಗೆ ಕಾಪಿ ಮಾಡಿದರೆ ಆಯಿತು. ಬಿಳಿ ಎ4 ಹಾಳೆ ಸಾಲದಾ ಅಂತ ಕೇಳುತ್ತಾರೆ. ಆ ಹಾಳೆ ಬೆಳ್ಳಗೆ ಕಾಣಲಿ ಅಂತ ನೀಲಿ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ, ಬಟ್ಟೆಗೆ ನೀಲಿ ಹಾಕುವ ಹಾಗೆ. ಅದನ್ನು ಬಿಳಿ ಅಂತ ನಂಬಿದರೆ ಫೋಟೊ ಹಳದಿಗೆ ಹೋಗುತ್ತದೆ. ಫೋನಿನಲ್ಲೇ ತೆಗೆಯುವವರು ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ ಒಂದು ಅಂಕಿಗೆ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ಫ್ರೇಂ ತುಂಬ ಕೆಂಪು ಕಂಡಾಗ ಅದು ಗಾಬರಿಯಾಗಿ ಬೇರೆ ಕಡೆ ವಾಲುತ್ತದೆ, ಪ್ರತಿ ಕ್ಲಿಕ್‌ಗೂ ಒಂದೊಂದು ಬಣ್ಣ.

ಕೆಂಪಿನ ಇನ್ನೊಂದು ತೊಂದರೆ, ಅದು ಬೇಗ ಉಕ್ಕುತ್ತದೆ. ಫೋಟೊದ ಒಟ್ಟು ಬೆಳಕು ಸರಿಯಾಗೇ ಕಂಡರೂ ಕೆಂಪು ಚಾನೆಲ್ ಮಾತ್ರ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಆಗ ನೇಯ್ಗೆಯ ಎಳೆ ಮಾಯವಾಗಿ ಬಣ್ಣ ಬಳಿದ ಹಲಗೆ ಹಾಗೆ ಕಾಣುತ್ತದೆ. ಇಳಕಲ್ ಸೀರೆಯಲ್ಲಂತೂ ಒಡಲು ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿ ಬೆಳಕು ಕುಡಿಯುತ್ತದೆ, ರೇಷ್ಮೆ ಹೊಳೆಯುತ್ತದೆ. ಒಡಲಿಗೆ ಸರಿ ಮಾಡಿದರೆ ಸೆರಗು ಉಕ್ಕುತ್ತದೆ. ಹಿಸ್ಟೋಗ್ರಾಂನಲ್ಲಿ ಕೆಂಪು ಗೆರೆ ಬಲಗಡೆ ಗೋಡೆಗೆ ಬಡಿಯದ ಹಾಗೆ ಅರ್ಧ ಸ್ಟಾಪ್ ಕಡಿಮೆ ತೆಗೆದು, ಆಮೇಲೆ ನೆರಳನ್ನು ಸ್ವಲ್ಪ ಎತ್ತಿ ಅಂತ ವೈನಿಗೆ ತೋರಿಸಿಕೊಟ್ಟೆ. ಎರಡನೇ ದಿನಕ್ಕೆ ಅವರ ಕೈ ನನಗಿಂತ ಚುರುಕಾಗಿತ್ತು. ಮಗ್ಗದ ಮನೆಯಲ್ಲಿ ನೂಲು ನೋಡಿ ಬಣ್ಣ ಹೇಳುವ ಕಣ್ಣು ಅದು, ಆ ಕಣ್ಣಿಗೆ ಇಷ್ಟು ದಿನ ಸರಿಯಾದ ಸ್ಕ್ರೀನ್ ಸಿಕ್ಕಿರಲಿಲ್ಲ.

ಗಿರಾಕಿಗಳ ಫೋನ್ ಬಗ್ಗೆ ಮಾಡುವುದು ಕಡಿಮೆ. ಬಹಳ ಫೋನ್‌ಗಳು ವಿವಿಡ್ ಮೋಡ್‌ನಲ್ಲೇ ಬರುತ್ತವೆ, ಎಲ್ಲ ಬಣ್ಣಕ್ಕೂ ಒಂದಿಷ್ಟು ಹೆಚ್ಚು ಒಗ್ಗರಣೆ. ನೀವು ಈ ಅಂಕಣ ಓದುತ್ತಿರುವ ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ನ್ಯಾಚುರಲ್ ಅಂತ ಇದ್ದರೆ ಒಂದು ದಿನ ಹಾಕಿ ನೋಡಿ. ಆನ್‌ಲೈನ್‌ನಲ್ಲಿ ಬಟ್ಟೆ ಕೊಳ್ಳುವ ಮುಂಚೆಯಾದರೂ ಹಾಕಿ, ಕಣ್ಣಿನ ಕಂಫರ್ಟ್ ಮೋಡ್ ಆಫ್ ಮಾಡಿ. ರಾತ್ರಿ ಹನ್ನೊಂದಕ್ಕೆ ಹಳದಿ ಸ್ಕ್ರೀನಿನಲ್ಲಿ ಆರ್ಡರ್ ಹಾಕಿ, ಬಣ್ಣ ಬೇರೆ ಬಂತು ಅಂತ ಮಾರುವವರನ್ನು ಬೈಯುವುದು ನ್ಯಾಯ ಅಲ್ಲ. ವೈನಿ ಈಗ ಫೋಟೊ ಹಾಕುವ ಮೊದಲು ಅಣ್ಣನ ಫೋನ್, ಪಕ್ಕದ ಮನೆ ಕಾಕೂನ ಫೋನ್, ಎರಡರಲ್ಲೂ ನೋಡುತ್ತಾರೆ. ಎರಡರಲ್ಲೂ ಸೀರೆಗೆ ಹತ್ತಿರ ಇದ್ದರೆ ಗ್ರೂಪಿಗೆ. ಜೊತೆಗೆ ಪಡಸಾಲೆ ಬೆಳಕಿನಲ್ಲಿ ಸೆರಗು ತಿರುಗಿಸಿ ತೋರಿಸುವ ಹತ್ತು ಸೆಕೆಂಡ್ ವಿಡಿಯೊ, ಕೆಳಗೆ ಎರಡು ಮಾತು: "ಹಣ್ಣಾದ ದಾಳಿಂಬೆ ಕಾಳಿನ ಕೆಂಪು, ಗುಲಾಬಿ ಅಲ್ಲ."

ಆ ದೀಪಾವಳಿಗೆ ಹೋದ ಸೀರೆಗಳಲ್ಲಿ ವಾಪಸ್ ಬಂದದ್ದು ಎರಡು. ಒಂದಕ್ಕೆ ಬಣ್ಣದ ಜಗಳವೇ ಅಲ್ಲ, ಬ್ಲೌಸ್ ಪೀಸ್ ಇಲ್ಲ ಅಂತ. ಇನ್ನೊಂದು ನವಿಲು ಹಸಿರಿನದ್ದು, ಒಂದು ಕಡೆಯಿಂದ ಹಸಿರು, ಇನ್ನೊಂದು ಕಡೆಯಿಂದ ನೀಲಿ ಹೊಡೆಯುವ ಡಬಲ್ ಶೇಡ್. ಎಸ್‌ಆರ್‌ಜಿಬಿ ಬಹಳ ಬಡವಾಗಿರುವುದೇ ಈ ಹಸಿರು ನೀಲಿಯ ನಡುವೆ, ನಾನು ಎಷ್ಟು ತಿಣುಕಿದರೂ ಫೋಟೊದಲ್ಲಿ ಅದು ಸೀರೆಯ ಹತ್ತಿರ ಬರಲಿಲ್ಲ. ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದ ಆ ಗಿರಾಕಿಯೂ ಈಚೆಗೆ ನವಿಲು ಹಸಿರೇ ಕೇಳಿದರಂತೆ. ವೈನಿ ಮಗ್ಗದ ಮನೆಯಿಂದ ಹಾಸಿನದೊಂದು ಹೊಕ್ಕಿನದೊಂದು ನೂಲು ತರಿಸಿ, ಎರಡನ್ನೂ ಹೊಸೆದು ಒಂದು ಪೋಸ್ಟ್ ಕವರಿನಲ್ಲಿ ಹಾಕಿ ಕಳಿಸಿದರು. "ಬಿಸಿಲಿಗೆ ಹಿಡದು ನೋಡ್ರಿ, ಆಮ್ಯಾಲ ಹೇಳ್ರಿ" ಅಂತ ಒಂದು ಚೀಟಿ. ನಾಲ್ಕು ದಿನ ಬಿಟ್ಟು ಆರ್ಡರ್ ಬಂತು, ಎರಡು ಸೀರೆಗೆ.